ಗೋಡೆಯ ಆಚೆಯೋ ಈಚೆಯೋ

ಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ ಪೂರ್ತಿ ಸತ್ತರೆ ಒಂದು ನೆಮ್ಮದಿ ಉಂಟು. ಮನೆಮಂದಿಗೆಲ್ಲ ಒಂದೇ ಅಭಿಪ್ರಾಯ. ದೂರು ಕೊಟ್ಟು ಬೇರೆ ಕೆಲಸ ನೋಡಬಹುದು. ನಿಧಾನವಾಯಿತೆಂದರೆ ಮಾತ್ರ ಮನೆ ಇಬ್ಭಾಗ. ‘ಬರ್ತಾ ಇದೆಯಲ್ಲ’ ಎಂದು ಒಬ್ಬರು, ‘ಎಲ್ಲಿ ಬರ್ತಾ ಇದೆ?’ ಎಂದು ಇನ್ನೊಬ್ಬರು. ವಿಡಿಯೊ ನಡುವೆ ಚಕ್ರ ಸುತ್ತತೊಡಗಿದ ಕೂಡಲೇ ಕೈ ಮೋಡೆಮ್ಮಿನ ಸ್ವಿಚ್ಚಿಗೆ ಹೋಗುತ್ತದೆ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ. ಒಂದು ಸಲ ಆರಿಸಿ ಹಚ್ಚುವುದರಲ್ಲಿ ತಪ್ಪಿಲ್ಲ, ಎಷ್ಟೋ ಸಲ ಗುಣವೂ ಕಾಣುತ್ತದೆ. ಹತ್ತು ನಿಮಿಷಕ್ಕೊಮ್ಮೆ ಆರಿಸುತ್ತ ಕೂತರೆ ಟೆಲಿಫೋನ್ ಎಕ್ಸ್‌ಚೇಂಜಿನ ಕಡೆಗೆ ಅದು ಬೇರೆ ರೀತಿ ಕೇಳಿಸುತ್ತದೆ. ಪದೇ ಪದೇ ಕಡಿಯುವ ಲೈನನ್ನು ದುರ್ಬಲವೆಂದು ತೀರ್ಮಾನಿಸಿ ವೇಗವನ್ನು ತಾನಾಗಿಯೇ ಇಳಿಸುವ ವ್ಯವಸ್ಥೆ ಹಲವು ಜಾಲಗಳಲ್ಲಿದೆ. ಕೊತ್ತಿಗೆ ಬಿದ್ದ ಏಟು ಕೊನೆಗೆ ನಮಗೇ.

ಪಾಪ, ಆ ಫೋನ್ ತಂತಿ ಹುಟ್ಟಿದ್ದೇ ಮಾತಿಗಾಗಿ. ಮನುಷ್ಯರ ಮಾತಿಗೆ 300ರಿಂದ 3,400 ಹರ್ಟ್ಸ್ ಆವರ್ತನ, ಅಂದರೆ ಸೆಕೆಂಡಿಗೆ ಅಷ್ಟು ಕಂಪನ, ಸಾಕು. ಒಂದರ ಸುತ್ತ ಒಂದು ಹೊಸೆದ ಎರಡು ತಾಮ್ರದ ಎಳೆಗಳಿಂದ ಯಾರೂ ಹೆಚ್ಚಿಗೆ ಕೇಳಿರಲಿಲ್ಲ. ಬ್ರಾಡ್‌ಬ್ಯಾಂಡ್ ಬಂದದ್ದು ಖಾಲಿಯಿದ್ದ ಮೇಲಿನ ಮಹಡಿಗೆ ಬಾಡಿಗೆದಾರನಾಗಿ. ಫೋನ್ ತಂತಿಯ ಮೇಲೆ ಇಂಟರ್ನೆಟ್ ಸಾಗಿಸುವ ಎಡಿಎಸ್‌ಎಲ್ ಎಂಬ ತಂತ್ರ ಸುಮಾರು 26 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗಿನ ಜಾಗ ಹಿಡಿಯುತ್ತದೆ, ಅದರ ಮುಂದಿನ ಪೀಳಿಗೆಯಾದ ಎಡಿಎಸ್‌ಎಲ್2+ 2.2 ಮೆಗಾಹರ್ಟ್ಸ್‌ವರೆಗೂ ಕಾಲು ಚಾಚುತ್ತದೆ. ಈ ಜಾಗವನ್ನು 4.3125 ಕಿಲೋಹರ್ಟ್ಸ್ ಅಗಲದ ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿರುತ್ತಾರೆ. ಮೋಡೆಮ್ ಹೊತ್ತಿಕೊಂಡಾಗ ದೀಪ ಅರೆ ನಿಮಿಷ ಮಿಣುಕುತ್ತದಲ್ಲ, ಆಗ ನಡೆಯುವುದು ಇವುಗಳ ಪರೀಕ್ಷೆ: ಯಾವ ಪಟ್ಟಿಯಲ್ಲಿ ಗದ್ದಲ ಎಷ್ಟು, ಅದರ ಮೇಲೆ ಎಷ್ಟು ಬಿಟ್ ಹೇರಬಹುದು. ಹೆಚ್ಚೆಂದರೆ 15. ಗದ್ದಲವಿದ್ದಲ್ಲಿ ಎರಡೋ ಮೂರೋ, ತೀರಾ ಕೆಟ್ಟಲ್ಲಿ ಸೊನ್ನೆ. ತಂತಿಯಲ್ಲಿ ಯಾವುದೂ ಮೆಲ್ಲಗೆ ನಡೆಯುವುದಿಲ್ಲ. ಹೊರೆ ಕಡಿಮೆ ಹೊರುತ್ತದೆ, ಅಷ್ಟೆ.

ಹಾಗಾದರೆ ಹೊರೆ ಇಳಿದದ್ದು ಗೋಡೆಯ ಸಾಕೆಟ್ಟಿನ ಆಚೆಯೋ ಈಚೆಯೋ? ಇದೊಂದು ತಿಳಿಯದೆ ಮಾಡುವ ದೂರೆಲ್ಲ ಬರೀ ಗೊಣಗಾಟ. ಅದಕ್ಕೂ ಮೊದಲು ಸ್ವಲ್ಪ ಲೆಕ್ಕ. ಸೆಕೆಂಡಿಗೆ 8 ಮೆಗಾಬಿಟ್ ಎಂದರೆ 1 ಮೆಗಾಬೈಟ್. ಎಡಿಎಸ್‌ಎಲ್ ದತ್ತಾಂಶವನ್ನು 53 ಬೈಟಿನ ಪೊಟ್ಟಣಗಳಲ್ಲಿ ಸಾಗಿಸುತ್ತದೆ, ಅದರಲ್ಲಿ 5 ಬೈಟು ಬರೀ ವಿಳಾಸದ ಚೀಟಿ. ಉಳಿದ ಚಿಲ್ಲರೆ ಕಟ್ಟುಪಾಡೂ ಸೇರಿ ನೂರಕ್ಕೆ ಹದಿನೈದರಷ್ಟು ದಾರಿಖರ್ಚು. ಆದ್ದರಿಂದ ಮೋಡೆಮ್ 8 ಎಂದು ತೋರಿಸಿ ಡೌನ್‌ಲೋಡ್ ಸೆಕೆಂಡಿಗೆ 850 ಕಿಲೋಬೈಟಿನ ಆಸುಪಾಸು ಬರುತ್ತಿದ್ದರೆ ಲೈನ್ ಆರೋಗ್ಯವಾಗಿದೆ. ಕಾಯಿಲೆ ನಿರೀಕ್ಷೆಗೆ.

ಬಳಿಕ ವೈಫೈ ಆರಿಸಿ, ಒಂದೇ ಒಂದು ಕಂಪ್ಯೂಟರನ್ನು ಕೇಬಲ್ ಮೂಲಕ ಮೋಡೆಮ್ಮಿಗೆ ಸಿಕ್ಕಿಸಿ ಅಳೆಯಬೇಕು. ವೇಗ ಸರಿಹೋದರೆ ಫೋನ್ ತಂತಿ ನಿರಪರಾಧಿ. ಚೆಂದ ಕಾಣಲಿ ಎಂದು ಮೋಡೆಮ್ಮನ್ನು ಟಿವಿ ಹಿಂದೆ ಬಚ್ಚಿಟ್ಟವರನ್ನು ವಿಚಾರಿಸಿಕೊಳ್ಳಿ. ಇದಕ್ಕಿಂತ ಜಾಣ ಅಪರಾಧಿ ಇನ್ನೊಂದಿದೆ. ಎಡಿಎಸ್‌ಎಲ್‌ನಲ್ಲಿ ಮೇಲಕ್ಕೆ ಹೋಗುವ ದಾರಿ ಬಲು ಕಿರಿದು, ಸಾಮಾನ್ಯವಾಗಿ 1 ಮೆಗಾಬಿಟ್ಟಿನ ಒಳಗೆ. ಯಾರದೋ ಮೊಬೈಲು ಸದ್ದಿಲ್ಲದೆ ಮದುವೆಯ ಫೋಟೊಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಿದ್ದರೆ ಆ ದಾರಿ ತುಂಬಿಹೋಗುತ್ತದೆ. ಇಳಿದು ಬಂದ ಪ್ರತಿ ಕಂತಿಗೂ ‘ತಲುಪಿತು’ ಎಂದು ಉತ್ತರ ಹೋಗಬೇಕಲ್ಲ, ಆ ಉತ್ತರವೂ ಫೋಟೊಗಳ ಹಿಂದೆ ಸರದಿಯಲ್ಲಿ ನಿಲ್ಲುತ್ತದೆ. ಉತ್ತರ ಬಾರದೆ ಅತ್ತಲಿನವರು ಮುಂದಿನ ಕಂತು ಕಳಿಸುವುದಿಲ್ಲ. ಕೆಳಗಿಳಿಯುವ ದಾರಿ ಖಾಲಿ ಬಿದ್ದಿದ್ದರೂ ವಿಡಿಯೊ ನಿಂತಿರುತ್ತದೆ.

ಕೇಬಲ್‌ನಲ್ಲೂ ನಿಧಾನವೇ ಆದರೆ ಬ್ರೌಸರಿನಲ್ಲಿ ಮೋಡೆಮ್ಮಿನ ಪುಟ ತೆರೆಯಿರಿ. ಬಹಳಷ್ಟರಲ್ಲಿ ವಿಳಾಸ 192.168.1.1. ಅಲ್ಲಿ ಅಟೆನ್ಯುಯೇಷನ್ ಎಂಬುದು ಎಕ್ಸ್‌ಚೇಂಜಿನಿಂದ ಬರುವಷ್ಟರಲ್ಲಿ ಸಂಕೇತ ಎಷ್ಟು ಸೊರಗಿತೆಂಬ, ಅಂದರೆ ದೂರದ ಲೆಕ್ಕ: ಅರ್ಧ ಮಿಲಿಮೀಟರ್ ದಪ್ಪದ ತಾಮ್ರದಲ್ಲಿ ಕಿಲೋಮೀಟರಿಗೆ ಹೆಚ್ಚುಕಡಿಮೆ 14 ಡೆಸಿಬೆಲ್. 20ರ ಕೆಳಗಿದ್ದರೆ ಭಾಗ್ಯ, 60 ದಾಟಿದರೆ ಹಣೆಬರಹ. ಎಸ್‌ಎನ್‌ಆರ್ ಮಾರ್ಜಿನ್ ಗದ್ದಲದೆದುರು ಉಳಿದಿರುವ ಬಿಡುವು. 6 ಡೆಸಿಬೆಲ್ ಸುತ್ತಮುತ್ತ ಇಟ್ಟುಕೊಳ್ಳುವುದು ವಾಡಿಕೆ. ಎರಡು ಮೂರಕ್ಕೆ ಇಳಿದರೆ ಲೈನ್ ಯಾವಾಗ ಬೇಕಾದರೂ ಕಡಿಯಬಹುದು. ಸೂರ್ಯ ಮುಳುಗಿದ ಮೇಲೆ ಇದು ತುಸು ಕುಸಿಯುವುದು ಸಹಜ. ರಾತ್ರಿ ಬಲುದೂರದಿಂದ ತೇಲಿಬರುವ ಮೀಡಿಯಂ ವೇವ್ ರೇಡಿಯೊ ಕೇಂದ್ರಗಳು ಕೂತಿರುವುದು ಇದೇ ಬಾಡಿಗೆದಾರನ ಕೋಣೆಯಲ್ಲಿ. ಮಾರ್ಜಿನ್ನೂ ವೇಗದ ಅಂಕಿಯೂ ಅಲುಗದೆ ಸಂಜೆ ಮಾತ್ರ ನಿಧಾನವಾಗುತ್ತಿದ್ದರೆ ದಟ್ಟಣೆ ಎಕ್ಸ್‌ಚೇಂಜಿನಿಂದಾಚೆ. ನೀವು ತಿರುಪುಳಿ ಹಿಡಿದು ಓಡಾಡಿ ಪ್ರಯೋಜನವಿಲ್ಲ.

ಈ ಅಂಕಿಗಳಿಗಿಂತ ಹಳೆಯ ಮಾಪಕವೊಂದಿದೆ: ಕಿವಿ. ರಿಸೀವರ್ ಎತ್ತಿ, ಯಾವುದಾದರೂ ಒಂದು ಅಂಕಿ ಒತ್ತಿದರೆ ಡಯಲ್ ಟೋನ್ ನಿಲ್ಲುತ್ತದೆ. ಆಮೇಲೆ ಕೇಳಬೇಕಾದದ್ದು ನಿಶ್ಶಬ್ದ. ಕರಕರ ಎಂದರೆ ಎಲ್ಲೋ ಜಾಯಿಂಟಿಗೆ ತುಕ್ಕು ಹಿಡಿದಿದೆ ಅಥವಾ ನೀರು ಹೊಕ್ಕಿದೆ; ಮಳೆ ಬಂದಾಗ ಹೆಚ್ಚಾಗುತ್ತಿದ್ದರೆ ಅನುಮಾನವೇ ಬೇಡ. ಫೋನ್ ಸತ್ತು ಇಂಟರ್ನೆಟ್ ಮಾತ್ರ ಕುಂಟುತ್ತ ನಡೆಯುವುದೂ ಉಂಟು. ಎರಡರಲ್ಲಿ ಒಂದು ಎಳೆ ತುಂಡಾದಾಗ ಮಾತಿಗೆ ಬೇಕಾದ ನೇರ ವಿದ್ಯುತ್ತು ಹರಿಯದು, ಹೆಚ್ಚು ಆವರ್ತನದ ಸಂಕೇತ ಮಾತ್ರ ಸಂದಿ ಹಾರಿ ಹೇಗೋ ದಾಟಿಬಿಡುತ್ತದೆ.

ಫೋನ್ ರಿಂಗಾದಾಗಲೆಲ್ಲ ಇಂಟರ್ನೆಟ್ ಕಡಿದರೆ ಫಿಲ್ಟರ್ ನೋಡಿ, ಮಾತನ್ನೂ ಇಂಟರ್ನೆಟ್ಟನ್ನೂ ಬೇರ್ಪಡಿಸುವ ಪುಟ್ಟ ಡಬ್ಬಿ ಅದು. ಲೈನಿಗೆ ಅಂಟಿಕೊಂಡ ಪ್ರತಿಯೊಂದಕ್ಕೂ ಫಿಲ್ಟರ್ ಬೇಕು: ಫೋನು, ಫ್ಯಾಕ್ಸು, ಎಲ್ಲರೂ ಮರೆಯುವ ಕಳ್ಳರ ಅಲಾರಂ. ಮೋಡೆಮ್ ಒಂದಕ್ಕೆ ಬೇಡ. ಅದನ್ನು ಫಿಲ್ಟರಿನ ಫೋನ್ ಕಿಂಡಿಗೆ ಸಿಕ್ಕಿಸಿ ನಿಧಾನವೆಂದು ಕೊರಗುವ ಮನೆಗಳಿವೆ. (ಸಾಕೆಟ್ ಬಿಚ್ಚಿದಾಗ ಬರಿಗೈಯಲ್ಲಿ ತಂತಿ ಮುಟ್ಟಬೇಡಿ. ಸುಮ್ಮನಿದ್ದಾಗ 48 ವೋಲ್ಟ್, ರಿಂಗಾದಾಗ 90ರ ಹತ್ತಿರ. ಯಾರು ಯಾವಾಗ ಕರೆ ಮಾಡುತ್ತಾರೋ!)

ಇನ್ನು ಆಚೆ-ಈಚೆಯ ನಿರ್ಣಯ. ಹೊರಗಿನ ತಂತಿ ಮನೆಯೊಳಗೆ ಬರುವ ಮೊದಲ ಸಾಕೆಟ್ಟಿನಲ್ಲಿ ಉಳಿದ ವೈರಿಂಗನ್ನೆಲ್ಲ ಬಿಡಿಸಿ, ಗಿಡ್ಡ ಕೇಬಲ್ಲಿನಿಂದ ಮೋಡೆಮ್ ಒಂದನ್ನೇ ಸಿಕ್ಕಿಸಿ. ವೇಗ ಏರಿತೋ, ಕಳ್ಳ ಮನೆಯೊಳಗೇ ಇದ್ದಾನೆ. ಹೆಚ್ಚಾಗಿ ಅವನು ಮಹಡಿಯ ಕೋಣೆಗೆಂದು ಎಳೆದು ಈಗ ಯಾರೂ ಬಳಸದ ಎಕ್ಸ್‌ಟೆನ್ಷನ್. ಬಳಸದಿದ್ದರೆ ಏನು ನಷ್ಟ ಎನಿಸುತ್ತದೆ. ಸಂಕೇತ ಆ ಕುರುಡು ತುದಿಗೂ ಓಡಿ, ದಾರಿಯಿಲ್ಲದೆ ಮರಳಿ, ತಡವಾಗಿ ಬಂದು ಮೂಲ ಸಂಕೇತವನ್ನೇ ಅಳಿಸುತ್ತದೆ. 25 ಮೀಟರಿನ ಇಂಥ ಬಾಲ ಸುಮಾರು 2 ಮೆಗಾಹರ್ಟ್ಸ್ ಬಳಿಯ ಪಟ್ಟಿಗಳನ್ನು ನುಂಗುತ್ತದೆ. ಮೋಡೆಮ್ ದೂರದ ಕೋಣೆಯಲ್ಲಿರಲೆಂದು ಎಳೆದ ಚಪ್ಪಟೆ ಫೋನ್ ಕೇಬಲ್ಲೂ ಅಷ್ಟೆ. ಹೊಸೆಯದ ಎಳೆಗಳು ಸುತ್ತಲ ಗದ್ದಲಕ್ಕೆ ಆಂಟೆನಾ ಆಗುತ್ತವೆ. ಮೋಡೆಮ್ ಸಾಕೆಟ್ ಪಕ್ಕದಲ್ಲೇ ಇರಲಿ, ಮುಂದಕ್ಕೆ ಈಥರ್ನೆಟ್ ಎಳೆಯಿರಿ. ಅದು 100 ಮೀಟರ್‌ವರೆಗೂ ತಕರಾರು ತೆಗೆಯದು. ಗದ್ದಲದ ಮೂಲ ಹುಡುಕಲು ಹಳೆಯ ರೇಡಿಯೊ ಸಾಕು: ಮೀಡಿಯಂ ವೇವ್‌ನಲ್ಲಿ ನಿಲ್ದಾಣವಿಲ್ಲದ ಜಾಗಕ್ಕೆ ಹಚ್ಚಿ ಮನೆ ಸುತ್ತಿದರೆ ಯಾವುದೋ ಅಗ್ಗದ ಚಾರ್ಜರ್ ಅಥವಾ ಎಲ್‌ಇಡಿ ದೀಪದೆದುರು ಜುಯ್ಯೆಂದು ಕೂಗಿಕೊಳ್ಳುತ್ತದೆ.

ಏನು ಮಾಡಿದರೂ ಮೊದಲ ಸಾಕೆಟ್ಟಿನಲ್ಲೇ ನಿಧಾನವೆಂದಾದರೆ ಈಗ ದೂರು. ‘ಇಂಟರ್ನೆಟ್ ಸ್ಲೋ’ ಎಂದರೆ ಮೋಡೆಮ್ ಆರಿಸಿ ಹಚ್ಚಿ ಎನ್ನುತ್ತಾರೆ. ‘ಫೋನಿನಲ್ಲಿ ಕರಕರ ಶಬ್ದ’ ಎಂದರೆ ಲೈನ್‌ಮನ್ ಬರುವ ಸಂಭವ ಹೆಚ್ಚು, ಇದ್ದರೆ ಅದನ್ನೇ ಮೊದಲು ಹೇಳಿ. ಜೊತೆಗೆ ಮಾರ್ಜಿನ್, ಅಟೆನ್ಯುಯೇಷನ್, ಹೊತ್ತು ಬರೆದಿಡಿ. ಶಬ್ದವೂ ಇಲ್ಲ, ದೂರವೇ ಕಾರಣ ಎಂದಾದರೆ ಕೇಳಿಕೊಳ್ಳಬಹುದಾದದ್ದು ಇಷ್ಟೆ: ವೇಗ ಒಂದಿಷ್ಟು ಇಳಿಸಿ ಮಾರ್ಜಿನ್ ಹೆಚ್ಚಿಸಿ, ಇಂಟರ್‌ಲೀವಿಂಗ್ ಹಚ್ಚಿ. ದತ್ತಾಂಶವನ್ನು ಚದುರಿಸಿ ಕಳಿಸಿ ತಪ್ಪು ತಿದ್ದಿಕೊಳ್ಳುವ ಈ ಏರ್ಪಾಟಿಗೆ ಕೆಲವು ಹತ್ತು ಮಿಲಿಸೆಕೆಂಡುಗಳ ತಡ ತಗಲುತ್ತದೆ. ಆನ್‌ಲೈನ್ ಆಟ ಆಡುವವರು ರಂಪ ಮಾಡುತ್ತಾರೆ. ಸಿನಿಮಾ ನೋಡುವವರಿಗೆ ಗೊತ್ತೂ ಆಗುವುದಿಲ್ಲ.