ಥೀಫ್ ಗೇಮಿನ ಮ್ಯಾಪ್ ಕೆಟ್ಟಿಲ್ಲ, ಅದು ಇರೋದೇ ಹಾಗೆ

ನಮ್ಮ ಹುಬ್ಬಳ್ಳಿ ಗೇಮಿಂಗ್ ಗ್ರೂಪಿನಲ್ಲಿ ಎರಡು ದಿನದಿಂದ ಒಂದು ಮೆಸೇಜ್ ಓಡಾಡುತ್ತಿದೆ. ಕಳ್ಳನಾಗಿ, ಕಾವಲುಗಾರರ ಕಣ್ಣು ತಪ್ಪಿಸಿ ಆಡುವ 1998ರ 'ಥೀಫ್: ದಿ ಡಾರ್ಕ್ ಪ್ರಾಜೆಕ್ಟ್' ಗೇಮಿನ ಮ್ಯಾಪ್ ಅರ್ಧಂಬರ್ಧ ಇದೆಯಂತೆ, ನಾವು ನಿಂತ ಜಾಗಕ್ಕೆ ಚುಕ್ಕಿ ತೋರಿಸದೇ ಇರುವುದು ಬಗ್ (ಪ್ರೋಗ್ರಾಂನ ದೋಷ) ಅಂತೆ, ಪ್ಯಾಚ್ (ಗೇಮನ್ನು ತಿದ್ದುವ ಫೈಲ್) ಹಾಕಿದರೆ ಸರಿ ಹೋಗುತ್ತದಂತೆ. ಇದು ತಪ್ಪು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಈ ಗೇಮ್ ತಯಾರಿಸಿದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್‌ನವರು ಬೇಕಂತಲೇ ಹಾಗೆ ಮಾಡಿದ್ದು. ಅದು ಕಳ್ಳನೊಬ್ಬನ ಜೇಬಿನಲ್ಲಿರುವ, ಕೈಯಿಂದ ಗೀಚಿದಂತಿರುವ ನಕ್ಷೆ. ನೀವು ಇರುವ ಭಾಗ ಎದ್ದು ಕಾಣುತ್ತದೆ, ಅಷ್ಟೇ. ಕಾವಲುಗಾರ ಎಲ್ಲಿದ್ದಾನೆ ಅಂತ ಅದು ಹೇಳುವುದಿಲ್ಲ, ಅದಕ್ಕೆ ನಿಮ್ಮ ಕಿವಿ ಬೇಕು. ಕಲ್ಲುಹಾಸಿನ ಮೇಲೆ ಬೂಟು ಟಕ್ ಟಕ್ ಅನ್ನುತ್ತದೆ, ಜಮಖಾನೆ ಮೇಲೆ ಸದ್ದು ತೀರಾ ಕಡಿಮೆ, ಮತ್ತು ನಿಮ್ಮ ಹೆಜ್ಜೆಗೂ ಇದೇ ಲೆಕ್ಕ. ಪರದೆಯ ಕೆಳಗಿರುವ ಹರಳು ಮಂಕಾದರೆ ನೀವು ಕತ್ತಲಲ್ಲಿದ್ದೀರಿ ಅಂತ ಅರ್ಥ. ದಿಕ್ಕಿಗೆ ದಿಕ್ಸೂಚಿ ಇದೆ. ನಮ್ಮ ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯ ಗಲ್ಲಿಗಳನ್ನು ನಾವು ಕಲಿತದ್ದೂ ಹೀಗೇ ಅಲ್ವಾ, ಬಳೆ ಅಂಗಡಿ ದಾಟಿ ಎಡಕ್ಕೆ, ಮಿರ್ಚಿ ವಾಸನೆ ಬಂದಲ್ಲಿ ಬಲಕ್ಕೆ ಅಂತ?

ಅದೇ ವರ್ಷದ, ಇದೇ ಥರ ಅಡಗಿ ಆಡುವ ಇನ್ನೊಂದು ಗೇಮ್ ಆದ ಮೆಟಲ್ ಗಿಯರ್ ಸಾಲಿಡ್‌ನಲ್ಲಿ ರೇಡಾರ್ (ಪರದೆಯ ಮೂಲೆಯ ಪುಟ್ಟ ನಕ್ಷೆ) ಇದೆ, ಶತ್ರು ಯಾವ ಕಡೆ ನೋಡುತ್ತಿದ್ದಾನೆ ಅಂತಲೂ ಅದು ತೋರಿಸುತ್ತದೆ. ನಿಜ. ಆದರೆ ಅಲ್ಲಿ ಮೇಲಿನಿಂದ ನೋಡಿ ಆಡುತ್ತೀರಿ, ಇಲ್ಲಿ ಕಳ್ಳನ ಕಣ್ಣಿನಿಂದ. ಸುಮ್ನೆ ಹೋಲಿಸಿದರೆ ನ್ಯಾಯ ಅಲ್ಲ.

ಇನ್ನು ಪ್ಯಾಚ್ ವಿಷಯ. ಅಭಿಮಾನಿಗಳು ಮಾಡಿದ ಪ್ಯಾಚ್ ಇರುವುದು ಹೌದು. ಅದು ಹೊಸ ವಿಂಡೋಸ್‌ನಲ್ಲಿ ಗೇಮ್ ಓಡಲಿ ಅಂತ, ಮ್ಯಾಪಿಗೆ ಚುಕ್ಕಿ ಇಡೋಕಲ್ಲ.