ಹಾಗೇ ಈ ಡಬ್ಬಿ ಕೊಟ್ಟು ಬಾ

ಬೆಂಗಳೂರಿಗೆ ಹೋಗುವ ವಿಷಯವನ್ನು ನಮ್ಮ ಮನೆಯಲ್ಲಿ ಮುಂಚಿತವಾಗಿ ಹೇಳಬಾರದು. ಹೇಳಿದರೆ ಅಮ್ಮ ಅಟ್ಟದಿಂದ ಒಂದು ಸ್ಟೀಲ್ ಡಬ್ಬಿ ಇಳಿಸುತ್ತಾಳೆ. "ಹೇಗೂ ಹೋಗ್ತಿದ್ದೀಯಲ್ಲ, ಹಾಗೇ ಈ ಡಬ್ಬಿ ಚಿಕ್ಕಮ್ಮಂಗೆ ಕೊಟ್ಟು ಬಾ. ಅವಳದ್ದು ಇಲ್ಲೇ ಉಳ್ಕೊಂಡ್ಬಿಟ್ಟಿದೆ."

ಖಾಲಿ ಡಬ್ಬಿಯಾದರೆ ಚೀಲದ ಮೂಲೆಗೆ ತುರುಕಬಹುದು. ಆದರೆ ಖಾಲಿ ಡಬ್ಬಿ ವಾಪಸ್ ಕೊಡುವುದು ನಮ್ಮ ಕಡೆ ಮಹಾಪರಾಧ. ಅದಕ್ಕೇ ಅಮ್ಮ ಕಂಠಮಟ್ಟ ಪುಳಿಯೋಗರೆ ಗೊಜ್ಜು ತುಂಬಿದಳು. ಮೇಲೆ ಒಂದು ಬೆರಳು ಎಣ್ಣೆ. ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್, ಅದಕ್ಕೆ ರಬ್ಬರ್ ಬ್ಯಾಂಡ್, ಅದರ ಮೇಲೆ ಇನ್ನೊಂದು ಕವರ್. "ನೆಟ್ಟಗೆ ಹಿಡ್ಕೋ ಕಣೋ, ಓರೆ ಮಾಡ್ಬೇಡ." ಹೊರಗೆ ಉತ್ತರೆ ಮಳೆ ಸುರಿಯುತ್ತಿತ್ತು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಓರೆಯಾಗಬಾರದ ಡಬ್ಬಿ. ಜೇಬಿನಿಂದ ಟಿಕೆಟ್ ತೆಗೆಯುವುದು ಯಾವ ಕೈಯಲ್ಲಿ ಎಂದು ಯಾರೂ ಹೇಳಲಿಲ್ಲ.

ನಾನು ಹೊರಟಿದ್ದು ಕಾಲೇಜಿನ ಗೆಳೆಯರನ್ನು ನೋಡಲು. ಬೆಳಿಗ್ಗೆ ಹೋಗಿ ರಾತ್ರಿ ಬರುವ ಲೆಕ್ಕ. ಬಸ್ಸಿಗಿಂತ ರೈಲು ಹಿತ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಅದರಲ್ಲಿ ಹೋಗುವವರಿಗೆ ಮದ್ದೂರು ಬರೀ ಒಂದು ಬೋರ್ಡು. ರೈಲಿನಲ್ಲಿ ಮಾತ್ರ ಇನ್ನೂ "ವಡೆ, ವಡೇ, ಮದ್ದೂರ್ವಡೇ" ಎಂಬ ದನಿ ಬೋಗಿಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಕಿಟಕಿಯಾಚೆ ಮಂಡ್ಯದ ಗದ್ದೆಗಳು ನೆನೆಯುತ್ತಿದ್ದವು. ಹಳೆಯ ಸ್ನೇಹದ ಬಗ್ಗೆ ನನಗೊಂದು ಒಳ್ಳೆಯ ಮಾತು ಹೊಳೆಯಿತು. ಅದನ್ನು ಗೆಳೆಯರ ಮುಂದೆ ಹೇಳಲೇಬೇಕು ಎಂದುಕೊಂಡೆ. ಇಲ್ಲೂ ಹೇಳುತ್ತೇನೆ, ಮೊದಲು ಈ ಡಬ್ಬಿಯನ್ನು ಇಳಿಸಿಬಿಡುತ್ತೇನೆ.

ಮೆಜೆಸ್ಟಿಕ್‌ನ ಮೆಟ್ರೋದಲ್ಲಿ ಚೀಲಗಳನ್ನೆಲ್ಲ ಯಂತ್ರದೊಳಗೆ ಬಿಡಬೇಕು. ನನ್ನದು ಒಳಗೆ ಹೋಗಿದ್ದೇ ತಡ, ಪರದೆ ನೋಡುತ್ತಿದ್ದ ಹುಡುಗಿ ಕೈ ಎತ್ತಿದಳು. ಪರದೆ ಮೇಲೆ ದುಂಡನೆಯ ಕಪ್ಪು ಆಕಾರ.

"ಏನ್ ಸರ್ ಇದು?"

"ಗೊಜ್ಜು."

"ತೆಗೀರಿ ಸರ್."

ಕವರ್, ರಬ್ಬರ್ ಬ್ಯಾಂಡ್, ಕವರ್. ಮುಚ್ಚಳ ತೆಗೆದೆ. ಹುಣಸೆ, ಇಂಗು, ಹುರಿದ ಎಳ್ಳಿನ ವಾಸನೆ ಮೆಜೆಸ್ಟಿಕ್ ತುಂಬ ಹರಡಿತು. ಹಿಂದೆ ಸಾಲಿನಲ್ಲಿದ್ದವರೊಬ್ಬರು, "ಅಯ್ಯಂಗಾರ್ ಪುಳಿಯೋಗರೆನಾ?" ಎಂದು ಕೇಳಿದರು. ಅಲ್ಲ ಎಂದೆ. ಅವರಿಗೆ ಆಸಕ್ತಿ ಹೋಯಿತು. ಹುಡುಗಿ ಮಾತ್ರ ಡಬ್ಬಿಯ ಹೊಟ್ಟೆಯ ಮೇಲೆ ಬೆರಳಾಡಿಸಿ, "ಹೆಸರೂ ಹಾಕ್ಸಿದಾರೆ" ಎಂದು ನಕ್ಕಳು.

ಹೆಸರು! ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಒಂದೇ ಒಂದು ಅಕ್ಷರ: ಸ.

ಅದರ ಹಿಂದೆ ದೊಡ್ಡ ಕತೆಯಿದೆ. ಪಾತ್ರೆ ಅಂಗಡಿಯಲ್ಲಿ ಏನೇ ಕೊಂಡರೂ "ಹೆಸರು ಏನ್ ಹಾಕ್ಲಿ?" ಎಂದು ಕೇಳುತ್ತಿದ್ದ ಕಾಲ. ಈಗ ಝುಯ್ ಎನ್ನುವ ಕರೆಂಟಿನ ಪೆನ್ನಿದೆ. ಆಗ ಪುಟ್ಟ ಉಳಿ, ಪುಟ್ಟ ಸುತ್ತಿಗೆ. ಮದುವೆ ಮುಯ್ಯಿಗೆ ಕೊಡುವ ಪಾತ್ರೆಗಂತೂ ಕೊಡುವವರ ಹೆಸರು, ಊರು, ತಾರೀಖು ಎಲ್ಲ ಬೀಳುತ್ತಿತ್ತು. ನಮ್ಮ ಮನೆಯ ಒಂದು ತಂಬಿಗೆಯ ಮೇಲೆ ಎಷ್ಟು ಬರೆದಿದೆ ಎಂದರೆ ನೀರು ಕುಡಿಯುವಾಗ ಒಂದು ಸುತ್ತು ತಿರುಗಿಸಿ ಓದಬೇಕು. ಕೊಟ್ಟವರು ಯಾರೆಂದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಆದರೆ ಎಲ್ಲ ಪಾತ್ರೆಯೂ ಅಂಗಡಿಯಿಂದ ಬರುತ್ತಿರಲಿಲ್ಲ. ತಲೆಮೇಲೆ ಬುಟ್ಟಿ ಹೊತ್ತು "ಹಳೇ ಬಟ್ಟೆಗೆ ಪಾತ್ರೇ" ಎಂದು ಕೂಗುತ್ತ ಒಬ್ಬಳು ಬರುತ್ತಿದ್ದಳು. ಜರಿ ಸೀರೆಗೆ ದೊಡ್ಡ ಬೇಸಿನ್ನು, ಪ್ಯಾಂಟಿಗೆ ಸಣ್ಣದು, ಶರಟಿಗೆ ಮುಖ ತಿರುಗಿಸುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ಅಪ್ಪನ ಎರಡು ಆಫೀಸ್ ಪ್ಯಾಂಟು ಮುಂದಿಟ್ಟಳು. ಪಾತ್ರೆಯವಳು ಅವನ್ನು ಬಿಸಿಲಿಗೆ ಹಿಡಿದು, ಕೂತುಕೊಳ್ಳುವ ಜಾಗ ಸವೆದಿದೆ ಎಂದು ಇಡೀ ವಠಾರಕ್ಕೆ ಕೇಳುವಂತೆ ಹೇಳಿದಳು. ಅಮ್ಮ ಒಂದು ಟವಲ್ ಸೇರಿಸಿದಳು. ಅವಳು ಡಬ್ಬಿ ತೆಗೆದಳು, ಮುಚ್ಚಳ ಕೊಡಲಿಲ್ಲ. ಮುಚ್ಚಳಕ್ಕೆ ಇನ್ನೊಂದು ಬಟ್ಟೆಯಂತೆ. ಕಾಫಿ ಕೊಟ್ಟು, ಮಗಳ ಮದುವೆ ವಿಚಾರಿಸಿ, ಕೊನೆಗೆ ನನ್ನ ಸ್ಕೂಲ್ ಸ್ವೆಟರ್ ಹೋಯಿತು. ಆ ವರ್ಷ ಚಳಿಗಾಲದಲ್ಲಿ ನಾನು ಅಣ್ಣನ ಸ್ವೆಟರಿನಲ್ಲಿ ಮೊಣಕಾಲವರೆಗೆ ಮುಳುಗಿದ್ದೆ. ಸಂಜೆ ಅಪ್ಪ ಪ್ಯಾಂಟು ಹುಡುಕಿದರು. ಅದರ ಜೇಬಿನಲ್ಲಿ ರೇಷನ್ ಕಾರ್ಡ್ ಇತ್ತೋ ಇಲ್ಲವೋ ಎಂಬ ಜಗಳ ದೀಪಾವಳಿವರೆಗೂ ನಡೆಯಿತು.

ಹೀಗೆ ಬಂದ ಡಬ್ಬಿಗೆ ಹೆಸರು ಹಾಕಿಸಲು ಹೋದರೆ ಅಂಗಡಿಯವನು ಸುಮ್ನೆ ಹಾಕಿಕೊಡುತ್ತಾನೆಯೇ? ನಮ್ಮಲ್ಲಿ ಕೊಂಡಿದ್ದಲ್ಲ, ಅಕ್ಷರಕ್ಕೆ ಇಷ್ಟು ಕೊಡಿ ಎಂದ. ಅಮ್ಮ ಒಂದೇ ಅಕ್ಷರ ಸಾಕು ಎಂದಳು. ತಮಾಷೆಯೆಂದರೆ ತಾತನಿಗೆ ಮೂವರು ಹೆಣ್ಣುಮಕ್ಕಳು, ಮೂವರ ಹೆಸರೂ ಸಕಾರದಿಂದಲೇ ಶುರು. ಮೂವರಿಗೂ ಜಿಪುಣತನ ತವರಿನ ಬಳುವಳಿ.

ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಧೋ ಎನ್ನುತ್ತಿತ್ತು. ಫೋನಿನಲ್ಲಿ ಆಟೋದ ಚಿತ್ರ ಗಿರಗಿರ ತಿರುಗಿತು, ಆಟೋ ಬರಲಿಲ್ಲ. ಎದುರಿಗೆ ನಿಂತಿದ್ದ ಒಬ್ಬ, "ಮೀಟರ್ ಮೇಲೆ ಐವತ್ತು" ಎಂದ. ದೂರ ಕೇಳಿ ಅದೂ ಬೇಡವೆಂದ. ನೆನೆದುಕೊಂಡೇ ಹೋದೆ.

ಚಿಕ್ಕಮ್ಮ ಬಾಗಿಲು ತೆಗೆದವಳೇ, "ಅಯ್ಯೋ, ತೊಪ್ಪೆ ಆಗ್ಬಿಟ್ಟಿದ್ದೀಯಲ್ಲೋ! ಯಾವಾಗ ವಾಪಸ್ ಹೊರಡ್ತೀಯ?" ಎಂದಳು. ಎರಡೂ ಒಂದೇ ಉಸಿರಿಗೆ. ತಲೆ ಒರೆಸಲು ಟವಲ್ ಕೊಟ್ಟಳು, ಬಿಸಿ ಕಾಫಿ ಕೊಟ್ಟಳು, ಮಂಡಿ ನೋವಿನ ವರದಿ ಕೊಟ್ಟಳು. ಆಮೇಲೆ ಡಬ್ಬಿ ನೋಡಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು.

"ಇದು ನಂದಲ್ಲ ಕಣೋ."

"ಸ ಅಂತ ಇದೆಯಲ್ಲ ಚಿಕ್ಕಮ್ಮ."

"ನನ್ನ ಸ ದುಂಡಗಿರತ್ತೆ. ಇದು ನಿಮ್ಮಮ್ಮಂದು. ನಿಮ್ಮಪ್ಪನ ಪ್ಯಾಂಟಿನ ಡಬ್ಬಿ!"

ಅಮ್ಮನಿಗೆ ಫೋನು ಹಚ್ಚಿದೆವು. ಸ್ಪೀಕರ್ ಹಾಕಿದೆವು. ಪ್ಯಾಂಟಿನ ಡಬ್ಬಿಯ ಮುಚ್ಚಳಕ್ಕೆ ನೆಗ್ಗಿತ್ತು, ಇದಕ್ಕಿಲ್ಲ ಎಂದು ಅಮ್ಮ. ಮುಚ್ಚಳ ಅದಲುಬದಲಾಗಿದೆ, ನನ್ನ ಮುಚ್ಚಳ ನಿನ್ನ ಹತ್ತಿರವೇ ಇದೆ ಎಂದು ಚಿಕ್ಕಮ್ಮ. ಹಾಸನದ ದೊಡ್ಡಮ್ಮನನ್ನೂ ಸೇರಿಸಿದರು. ಆಕೆ ಇಬ್ಬರದೂ ಅಲ್ಲ, ನನ್ನದು ಎಂದಳು. ಬಹಳ ದಿನಗಳ ಮೇಲೆ ಮೂವರೂ ಅಷ್ಟು ಹೊತ್ತು ಮಾತಾಡಿದರು. ಮಧ್ಯೆ ಯಾರೋ ಅತ್ತರು, ತಾತನ ವಿಷಯಕ್ಕೆ. ಡಬ್ಬಿಯ ತೀರ್ಮಾನ ಆಗಲಿಲ್ಲ. ಚಿಕ್ಕಮ್ಮ ಗೊಜ್ಜನ್ನಂತೂ ಬಗ್ಗಿಸಿಕೊಂಡಳು.

ಗೆಳೆಯರನ್ನು ಮರೆತೆ ಅಂದುಕೊಳ್ಳಬೇಡಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಸೇರುವುದೆಂದು ಅವರೇ ಗೊತ್ತುಮಾಡಿದ್ದರು. ಶನಿವಾರ, ಭಾನುವಾರ ರಶ್ಶು ಜಾಸ್ತಿ, ಶುಕ್ರವಾರ ಬಾ ಎಂದಿದ್ದೂ ಅವರೇ. 1943ರಿಂದ ಇರುವ ಹೋಟೆಲು, ಶುಕ್ರವಾರ ರಜೆ ಎಂದು ಬಸವನಗುಡಿಯ ಬೆಕ್ಕಿಗೂ ಗೊತ್ತು. ಹುಟ್ಟಾ ಬೆಂಗಳೂರಿಗರಾದ ಇವರಿಗೆ ಗೊತ್ತಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಇಬ್ಬರು ಒಂದೇ ಛತ್ರಿಯಲ್ಲಿ ನಿಂತಿದ್ದರು. ಮೂರನೆಯವನು ವೈಟ್‌ಫೀಲ್ಡಿನಿಂದ ಬರಬೇಕು. ಅವನ ಮನೆ ಹತ್ತಿರವೇ ಮೆಟ್ರೋ ಇದೆ, ಆದರೆ ಮಳೆಯೆಂದು ಕಾರಿನಲ್ಲಿ ಹೊರಟಿದ್ದ. "ಟೆನ್ ಮಿನಿಟ್ಸ್" ಎಂದು ಗಂಟೆಗೊಮ್ಮೆ ಮೆಸೇಜು ಬರುತ್ತಿತ್ತು.

ಪಕ್ಕದ ಬೀದಿಯ ಇನ್ನೊಂದು ಹೋಟೆಲಿನಲ್ಲಿ ಕೂತೆವು. ಮಾಣಿ ಬಂದು ಬಂದು ಟೇಬಲ್ ಒರೆಸಿದ. ಅಂದರೆ ಏಳಿ ಎಂದರ್ಥ. ನಾವು ಏಳಲಿಲ್ಲ. ಹಾಸ್ಟೆಲಿನ ಸಾರು, ಫೇಲಾದ ಪೇಪರು, ಈಗಿನ ಶುಗರ್ರು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನಗೊಂದು ಸಿಟ್ಟು ಒಳಗೇ ಕುದಿಯುತ್ತಿತ್ತು. "ಈಗೇನಪ್ಪಾ, ಮೈಸೂರು ಬರೀ 119 ಕಿಲೋಮೀಟರ್, ಒಂದೂವರೆ ಗಂಟೆ" ಎಂದು ಇವರು ಯಾವಾಗಲೂ ಹೇಳುತ್ತಾರೆ. ಹೇಳುವುದು ನನ್ನನ್ನು ಕರೆಯುವಾಗ. ಅದೇ ರಸ್ತೆ ಅವರ ಕಡೆಯಿಂದ ಹೊರಟರೆ ಉದ್ದವಾಗುತ್ತದೆ, ಟೋಲ್ ಬರುತ್ತದೆ, ಮಗಳ ಪರೀಕ್ಷೆ ಬರುತ್ತದೆ. ಚಿಕ್ಕಮ್ಮನೂ ಅಷ್ಟೇ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಧರ್ಮಸ್ಥಳಕ್ಕೆ ಹೋಗಿಬಂದಳು, ಶೃಂಗೇರಿಗೆ ಹೋಗಿಬಂದಳು. ಅಕ್ಕನ ಮನೆಗೆ ಮಂಡಿ ನೋವು.

ಕತ್ತಲಾಗುವ ಹೊತ್ತಿಗೆ ವೈಟ್‌ಫೀಲ್ಡಿನವನು ಬಂದ. ಎಲ್ಲರನ್ನೂ ಒದ್ದೆ ಒದ್ದೆಯಾಗಿ ತಬ್ಬಿಕೊಂಡ. ರೈಲಿನಲ್ಲಿ ಹೊಳೆದ ಆ ಮಾತು ಹೇಳಲು ಇದೇ ಸಮಯ ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವನು ಕಾರು ನಿಲ್ಲಿಸಲು ಸುತ್ತಿದ ರಸ್ತೆಗಳ ಹೆಸರು ಹೇಳತೊಡಗಿದ. ಡಿ.ವಿ.ಜಿ. ರಸ್ತೆಯಿಂದ ಶುರುಮಾಡಿ ಬ್ಯೂಗಲ್ ರಾಕ್ ಸುತ್ತಿ ಬರುವಷ್ಟರಲ್ಲಿ ನನ್ನ ರೈಲಿನ ಹೊತ್ತಾಯಿತು.

"ಮುಂದಿನ ಸಲ ನೀವೇ ಬನ್ರೋ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಮೂವರೂ ಖಂಡಿತ ಎಂದರು. ಡಿಸೆಂಬರ್ ಎಂದರು, ದಸರೆ ರಶ್ಶು ಮುಗಿದಿರುತ್ತದೆ ಎಂದರು. ಆಮೇಲೆ ವೈಟ್‌ಫೀಲ್ಡಿನವನು ಫೋನಿನಿಂದ ತಲೆ ಎತ್ತಿ ಕೇಳಿದ: "ನಿಮ್ಮ ಮನೆ ಹತ್ರ ಪಾರ್ಕಿಂಗ್ ಇದೆಯೇನೋ?"