ಆಜ್ಞೆ ಮಾಡುವವನೇ ಬಲಶಾಲಿ ಅಂತೇನಿಲ್ಲ

ಲೇಖನ ಇಷ್ಟವಾಯಿತು. ಆದರೆ ಸಿನಿಮಾ ಸಂಭಾಷಣೆಯಲ್ಲಿ ‘ಹೋಗು’, ‘ಮಾಡು’, ‘ನಿಲ್ಲು’ ಅಂತ ಹೆಚ್ಚು ಸಲ ಹೇಳುವ ಪಾತ್ರವೇ ಬಲಶಾಲಿ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ಸರ್ಲ್ 1970ರ ದಶಕದಲ್ಲಿ ಮಾತಿನ ಕ್ರಿಯೆಗಳನ್ನು, ಅಂದರೆ ಮಾತಾಡುವ ಮೂಲಕವೇ ನಾವು ಮಾಡುವ ಕೆಲಸಗಳನ್ನು, 5 ಬಗೆಯಾಗಿ ವಿಂಗಡಿಸಿದರು. ಎದುರಿನವರಿಂದ ಏನನ್ನಾದರೂ ಮಾಡಿಸಲು ಆಡುವ ಮಾತೆಲ್ಲ ಅದರಲ್ಲಿ ಒಂದೇ ಗುಂಪು. ಆಜ್ಞೆ ಮಾತ್ರವಲ್ಲ, ಕೋರಿಕೆ, ಸಲಹೆ, ಆಹ್ವಾನ, ಅಂಗಲಾಚುವುದು ಎಲ್ಲವೂ ಅಲ್ಲೇ ಬರುತ್ತವೆ. ಪ್ರಶ್ನೆಯೂ ಅಷ್ಟೇ, ಉತ್ತರ ಕೊಡಲಿ ಅಂತಲೇ ತಾನೇ ಕೇಳುವುದು? ಕಾಲಿಗೆ ಬಿದ್ದು ‘ನನ್ನನ್ನು ಬಿಟ್ಟುಬಿಡಿ’ ಅನ್ನುವವನೂ ‘ಮಾಡು’ ಅಂತಲೇ ಹೇಳುತ್ತಿದ್ದಾನೆ. ಅವನಿಗೆಲ್ಲಿಯ ಬಲ? ಸುಮ್ನೆ ಕ್ರಿಯಾಪದ ಎಣಿಸುತ್ತಾ ಹೋದರೆ ಇದು ಕಾಣುವುದಿಲ್ಲ.

ನಿಜವಾದ ಅಧಿಕಾರ ಇರುವ ಪಾತ್ರ ಎಷ್ಟೋ ಸಲ ಅಪ್ಪಣೆ ಕೊಡುವುದೇ ಇಲ್ಲ. ಯಜಮಾನ ಕೂತಲ್ಲಿಂದಲೇ ‘ಸೆಕೆ ಜಾಸ್ತಿ ಆಯ್ತಲ್ವಾ’ ಅನ್ನುತ್ತಾನೆ. ಆಳು ಓಡಿಹೋಗಿ ಕಿಟಕಿ ತೆಗೆಯುತ್ತಾನೆ. ಆ ಮಾತಿನಲ್ಲಿ ಕಿಟಕಿಯೂ ಇಲ್ಲ, ‘ತೆಗಿ’ ಅನ್ನುವುದೂ ಇಲ್ಲ. ಅದು ಅಪ್ಪಣೆ ಅಂತ ನಮಗೆ ಗೊತ್ತಾಗುವುದು ಆಳು ಓಡಿದಾಗ. ಈ ಥರದ ಬರವಣಿಗೆ ನನಗೆ ತುಂಬಾ ಇಷ್ಟ.

ಕನ್ನಡದಲ್ಲಂತೂ ಇನ್ನೊಂದು ಸೊಗಸಿದೆ. ಅದುವರೆಗೆ ‘ಕೂತ್ಕೋ’ ಅನ್ನುತ್ತಿದ್ದ ಗೆಳೆಯ ಇದ್ದಕ್ಕಿದ್ದ ಹಾಗೆ ‘ಕೂತ್ಕೊಳ್ಳಿ’ ಅಂದರೆ, ಸ್ನೇಹ ಮುರಿಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಮುಂದಿನ ಸಲ ಬರೆಯುವಾಗ ಹೇಳಿದ ಮಾತಿನ ಜೊತೆಗೆ, ಎದುರಿನವರು ಅದನ್ನು ಪಾಲಿಸಿದರಾ, ಮುಂದೂಡಿದರಾ, ಕೇಳಿಸದ ಹಾಗೆ ಇದ್ದುಬಿಟ್ಟರಾ ಅನ್ನುವುದನ್ನೂ ದಯವಿಟ್ಟು ಗುರುತು ಮಾಡಿಕೊಳ್ಳಿ.